ಅಣ್ಣನ ಅರವತ್ತು

ಮಸ್ಕತ್
9 ಅಕ್ಟೋಬರ್ 2025

ಮಹಾಮಾಯಾ ಅತ್ತಿ ಅವರಿಗೆ ಆಮ್ರಪಾಲಿಯ ಜೈಭೀಮ್.

ತಿಂಗಳಿಗೊಂದು ಪತ್ರ ಕೈಯಾರೆ ಬರೆಯಬೇಕು, ಇಲ್ಲದಿದ್ದರೆ ಭಾಲ್ಕಿಯಲ್ಲಿ ಮೂರು ವರ್ಷ ಕೂಡಿಸಿಕೊಂಡು ಕಲಿಸಿದ ಕನ್ನಡ ಹಾರಿಹೋಗುತ್ತದೆ ಎಂದು ನೀವು ಹಾಕಿದ ಷರತ್ತನ್ನು ಈ ಸಲ ಎಂಟು ದಿನ ತಡವಾಗಿ ಪಾಲಿಸುತ್ತಿದ್ದೇನೆ. ಆಸ್ಪತ್ರೆಯಲ್ಲಿ ನನ್ನನ್ನು ಮಕ್ಕಳ ವಾರ್ಡಿನ ನರ್ಸ್ ಡ್ಯೂಟಿಗೆ ಹಾಕಿದ್ದಾರೆ. ಮನೆಗೆ ಬಂದರೆ ನಿದ್ದೆಯೊಂದೇ ಬೇಕೆನಿಸುತ್ತದೆ.

ಈ ಪತ್ರದ ವಿಷಯ ಅಪ್ಪನಿಗೆ ತಿಳಿಯಬಾರದು. ಎರಡು ಕೋಣೆಯ ಮನೆಯಲ್ಲಿ ಫೋನಿನಲ್ಲಿ ಗುಟ್ಟು ಮಾತಾಡಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬರುವ ಜನವರಿ ಹನ್ನೆರಡಕ್ಕೆ ಅಪ್ಪನಿಗೆ ಅರವತ್ತು ತುಂಬುತ್ತದೆ. ಫೆಬ್ರುವರಿ ಕೊನೆಗೆ ಕಂಪನಿ ಅವರನ್ನು ನಿವೃತ್ತಿ ಮಾಡುತ್ತದೆ. ಎಲೆಕ್ಟ್ರಿಷಿಯನ್ ಆಗಿ ಬಂದವರು ಫೋರ್‌ಮನ್ ಆಗಿ ಹೊರಡುತ್ತಾರೆ. ಒಮ್ಮೆಯಾದರೂ ಅವರ ಹುಟ್ಟುಹಬ್ಬ ಮಾಡಲೇಬೇಕು ಎಂದು ನಾನು ಹಠ ಹಿಡಿದಿದ್ದೇನೆ. ನಿಮಗೆ ಗೊತ್ತಲ್ಲ, ಪ್ರತಿ ವರ್ಷ ಆ ದಿನ ಅವರು ಬೇಕೆಂದೇ ದೂರದ ಸೈಟಿನ ಡ್ಯೂಟಿ ಹಾಕಿಸಿಕೊಂಡು ಹೋಗಿಬಿಡುತ್ತಾರೆ. ಅಮ್ಮ ಕೂಡ ಅವತ್ತು ಸಿಹಿ ಮಾಡುವುದಿಲ್ಲ. ಈ ಸಲ ತಪ್ಪಿಸಿಕೊಳ್ಳಲು ಬಿಡುವುದಿಲ್ಲ. ಅಪ್ಪನ ಕಂಪನಿಯಲ್ಲಿ ಡ್ರೈವರ್ ಆಗಿರುವ ನಮ್ಮ ಬೀದರಿನ ಮಕ್ಸೂದ ಚಾಚಾ ಊಟದ ಹಾಲ್ ಹಿಡಿದಿದ್ದಾರೆ. ಕಂಪನಿಯ ದೊಡ್ಡ ಮ್ಯಾನೇಜರೂ ಬರುತ್ತಾರಂತೆ.

ಅಪ್ಪನ ಜೀವನದ ಫೋಟೋಗಳನ್ನು ಸಾಲಾಗಿ ಪರದೆಯ ಮೇಲೆ ತೋರಿಸಬೇಕೆಂದು ನನ್ನ ಆಸೆ. ಆದರೆ ನಮ್ಮ ಮನೆಯಲ್ಲಿ ಅಮ್ಮ-ಅಪ್ಪನ ಮದುವೆಗಿಂತ ಹಿಂದಿನ ಒಂದೇ ಒಂದು ಫೋಟೋ ಇಲ್ಲ. ನಮ್ಮ ಅಜ್ಜಿ, ಆಯಿಯ ಟ್ರಂಕಿನಲ್ಲಿ ಏನಾದರೂ ಇದ್ದರೆ ಕಳಿಸಿ. ಅಪ್ಪನ ಊರು ಚಿಂತಾಕಿಯ ಮನೆ, ಶಾಲೆ, ಜತೆಗಾರರು, ಏನಿದ್ದರೂ ಸರಿ. ಅಪ್ಪನ ತಮ್ಮ, ನಾನು ಹುಟ್ಟುವ ಮೊದಲೇ ಮುಂಬೈಯಲ್ಲಿ ತೀರಿಹೋದ ಸುಶೀಲ ಕಾಕಾ ಅವರದ್ದಿದ್ದರೂ ಕಳಿಸಿ.

ಭಾಲ್ಕಿಯಲ್ಲಿದ್ದಾಗ ನೀವು ನನ್ನನ್ನು ಒಮ್ಮೆಯೂ ಚಿಂತಾಕಿಗೆ ಕರೆದೊಯ್ಯಲಿಲ್ಲ. ಅಪ್ಪ ರಜೆಗೆ ಬಂದರೂ ಬೀದರಿನ ನೌಬಾದಿನಲ್ಲಿರುವ ಅಮ್ಮನ ತವರುಮನೆ ಬಿಟ್ಟು ಕದಲುವುದಿಲ್ಲ. ಅಜ್ಜ ತೀರಿಹೋದಾಗಲೂ ರಜೆ ಸಿಗಲಿಲ್ಲವೆಂದು ಬರಲಿಲ್ಲ. ತಮ್ಮ ಊರಿನ ಮೇಲೆ ಅವರಿಗೆ ಏನು ಸಿಟ್ಟು ಅತ್ತಿ? ಅದನ್ನೂ ಬರೆಯಿರಿ.

ನಿಮ್ಮ
ಆಮ್ರಪಾಲಿ


ಭಾಲ್ಕಿ
26 ಅಕ್ಟೋಬರ್ 2025

ಚಿರಂಜೀವಿ ಆಮ್ರಪಾಲಿಗೆ ಅತ್ತಿಯ ಆಶೀರ್ವಾದಗಳು.

ನಿನ್ನ ಪತ್ರ ಬಂದು ಐದು ದಿನವಾಯಿತು. ಆಯಿ ಚೆನ್ನಾಗಿದ್ದಾಳೆ. ಎಂಬತ್ತೆರಡಾದರೂ ಜೋಳದ ಹಿಟ್ಟು ತಾನೇ ಜರಡಿ ಹಿಡಿಯುತ್ತಾಳೆ. ನಾನು ದಿನಾ ಸಾಯಗಾಂವದ ಶಾಲೆಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೇನೆ.

ಆಯಿಯ ಟ್ರಂಕಿನಲ್ಲಿ ಫೋಟೋ ಏನೂ ಉಳಿದಿಲ್ಲ. ಚಿಂತಾಕಿಯ ಮನೆಗೆ ಗೆದ್ದಲು ಹಿಡಿದಿತ್ತು. ಆ ಕಾಲದಲ್ಲಿ ನಮ್ಮಂಥವರ ಮನೆಯಲ್ಲಿ ಫೋಟೋ ತೆಗೆಸುವುದೂ ಅಪರೂಪ.

ಹುಟ್ಟುಹಬ್ಬ ಅಪ್ಪನಿಗೆ ಇಷ್ಟವಿಲ್ಲವೆಂದ ಮೇಲೆ ಯಾಕೆ ಒತ್ತಾಯ ಮಾಡುತ್ತೀ? ಮನೆಯಲ್ಲೇ ಮೂವರು ಕೂತು ಬುದ್ಧವಂದನೆ ಮಾಡಿ ಊಟ ಮಾಡಿರಿ, ಸಾಕು. ಹಾಲ್, ಪರದೆ, ಮ್ಯಾನೇಜರ್ ಎಲ್ಲ ಬೇಡ. ಇದು ನನ್ನ ಮಾತು ಎಂದು ತಿಳಿದು ನಡೆಸಿಕೊಡು. ಊರಿನವರನ್ನು, ಹಳೆಯ ಪರಿಚಯದವರನ್ನು ಕೇಳಲು ಹೋಗಬೇಡ.

ನಿನ್ನ ಕನ್ನಡ ಸುಧಾರಿಸಿದೆ. ‘ಷರತ್ತು’ ಸರಿಯಾಗಿ ಬರೆದಿದ್ದೀ.

ನಿನ್ನ ಅತ್ತಿ
ಮಹಾಮಾಯಾ


ಭಾಲ್ಕಿ
26 ಅಕ್ಟೋಬರ್ 2025

ಅಣ್ಣಾ,

ಇದನ್ನು ನಿನ್ನ ಕಂಪನಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಓದಿ ಹರಿದುಬಿಡು.

ನಿನ್ನ ಮಗಳು ನಿನ್ನ ಹಳೆಯ ಫೋಟೋ ಕೇಳಿ ನನಗೆ ಬರೆದಿದ್ದಾಳೆ. ಶಾಲೆ, ಜತೆಗಾರರು, ಚಿಂತಾಕಿ ಎಲ್ಲ ಕೇಳಿದ್ದಾಳೆ. ನಾನು ಸುಳ್ಳು ಬರೆದು ಕಳಿಸಿದ್ದೇನೆ. ಆದರೆ ನಾನು ಬೇಡವೆಂದರೆ ಸುಮ್ಮನಿರುವ ಹುಡುಗಿಯೇನು ಅವಳು? ಮೂರು ವರ್ಷ ನನ್ನ ಮನೆಯಲ್ಲಿದ್ದಳು, ನನಗೆ ಗೊತ್ತು. ನಾಲ್ಕು ಜನರ ನಡುವೆ ಪರದೆ ಕಟ್ಟಿ ನಿನ್ನ ಹುಟ್ಟಿದ ದಿನ ಮಾಡುತ್ತಾಳಂತೆ. ಹುಟ್ಟಿದ ದಿನ ಎಂದು ಬರೆಯುವಾಗ ನನ್ನ ಕೈ ನಿಂತಿತು.

ಇನ್ನು ನಾಲ್ಕು ತಿಂಗಳು ಕಳೆದರೆ ನೀನು ಆ ದೇಶದಿಂದ ಹೊರಬೀಳುತ್ತೀ. ಇಷ್ಟು ವರ್ಷ ಕಾಯ್ದದ್ದು ಈ ನಾಲ್ಕು ತಿಂಗಳಲ್ಲಿ ಒಡೆಯಬಾರದು. ಏನಾದರೂ ನೆಪ ಹೇಳಿ ನಿಲ್ಲಿಸು. ನಿಲ್ಲಿಸಲು ಆಗದಿದ್ದರೆ ಅವಳಿಗೆ ನೀನೇ ಹೇಳಿಬಿಡು. ಬೇರೆ ಯಾರಿಂದಲೋ ತಿಳಿಯುವುದಕ್ಕಿಂತ ಅದು ಒಳ್ಳೆಯದು.

ಅವ್ವನಿಗೆ ಇದೇನೂ ಹೇಳಿಲ್ಲ. ಜನವರಿ ಸಮೀಪಿಸಿದಂತೆ ಅವಳು ಮಾತು ಕಡಿಮೆ ಮಾಡುತ್ತಾಳೆ, ಪ್ರತಿ ವರ್ಷದಂತೆ.

ತಂಗಿ


ಮಸ್ಕತ್
19 ನವೆಂಬರ್ 2025

ಅತ್ತಿ,

ನಿಮ್ಮ ಮಾತು ಮೀರಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಿಮ್ಮ ಪತ್ರ ನನ್ನ ಕೈಗೆ ಬರುವ ಹೊತ್ತಿಗೆ ನಾನು ಆ ಕೆಲಸ ಮಾಡಿಯಾಗಿತ್ತು. ಅಪ್ಪನ ಸರ್ಟಿಫಿಕೇಟಿನಲ್ಲಿರುವ ಔರಾದಿನ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪೊಂದು ಇದೆ. ಅಲ್ಲಿ ‘ಚಿಂತಾಕಿಯ ನಾಗಸೇನ ವೈಜಿನಾಥ ಅವರ ಮಗಳು ನಾನು, ಅಪ್ಪನಿಗೆ ಅರವತ್ತಾಗುತ್ತಿದೆ, ಯಾರ ಬಳಿಯಾದರೂ ಹಳೆಯ ಫೋಟೋ ಇದೆಯೇ’ ಎಂದು ಹಾಕಿಸಿದ್ದೆ. ಎರಡೇ ದಿನಕ್ಕೆ ಕಾಶೀನಾಥ ಎನ್ನುವವರು ಫೋನ್ ಮಾಡಿದರು. ಈಗ ಬೀದರಿನಲ್ಲಿದ್ದಾರೆ, ನಿವೃತ್ತ ಮಾಸ್ತರರು.

“ನಾಗ್ಯಾನ ಮಗಳೇನವಾ ನೀ? ಅವ ಜಿಂದಾ ಅದಾನಂತ ಕೇಳಿ ಜೀವಕ್ಕ ಎಷ್ಟು ಸಮಾಧಾನ ಆತು! ನಾವಿಬ್ರು ಒಂದೇ ಬೆಂಚಿನ ಮ್ಯಾಲ ಕುಂತವರು,” ಎಂದರು.

ಮರುದಿನ ಒಂದು ಫೋಟೋ ಕಳಿಸಿದರು. 1988ರಲ್ಲಿ ಔರಾದಿನಲ್ಲಿ ಅವರ ಅಕ್ಕನ ಮದುವೆಯಾದಾಗ ತೆಗೆದದ್ದು. ಮೂವರು ನಿಂತಿದ್ದಾರೆ. ಬೆನ್ನಿಗೆ ಬರೆದದ್ದನ್ನೂ ಫೋಟೋ ತೆಗೆದು ಕಳಿಸಿದ್ದಾರೆ. ‘ನಾನು, ನಾಗಸೇನ, ಅವನ ತಮ್ಮ ಸುಶೀಲಕುಮಾರ’ ಎಂದಿದೆ.

ಅತ್ತಿ, ನಡುವೆ ನಿಂತ ನಾಗಸೇನ ನನ್ನ ಅಪ್ಪನಲ್ಲ.

ಬದಿಗೆ ವೈರಿನ ಸುರುಳಿ ಹಿಡಿದು ನಿಂತ ಹುಡುಗ ನನ್ನ ಅಪ್ಪ. ಅವನ ಎಡಗಿವಿಯ ತುದಿ ಇಲ್ಲ. ಸಣ್ಣವರಿದ್ದಾಗ ನಾಯಿ ಕಚ್ಚಿದ್ದು ಎಂದು ಅಪ್ಪ ಹೇಳುತ್ತಿದ್ದರು. ಆ ಕಿವಿ ಹಿಡಿದುಕೊಂಡೇ ನಾನು ನಿದ್ದೆ ಮಾಡುತ್ತಿದ್ದೆ. ಫೋಟೋ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಅದೇ ಕಿವಿ, ಅದೇ ಗದ್ದ. ಹೆಸರುಗಳನ್ನು ಹಿಂದುಮುಂದಾಗಿ ಬರೆದಿರಬಹುದೆಂದು ಕಾಶೀನಾಥರನ್ನು ಸುಮ್ಮನೆ ಕೇಳಿದಂತೆ ಕೇಳಿದೆ. “ಛೇ, ನಡುವ ನಿಂತಾವ ನಾಗ್ಯಾ. ಹರಕ್ ಕಿವಿಯಾವ ಸುಶ್ಯಾ. ಪಾಪ, ಅವ ಬಾಂಬೆದಾಗ ತೀರಿಕೊಂಡ,” ಎಂದರು.

ಸತ್ತವರು ಯಾರು ಅತ್ತಿ? ಅಡುಗೆಮನೆಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿರುವ ಈ ಮನುಷ್ಯ ಯಾರು?

ಇನ್ನೊಂದು ವಿಷಯ. ಕಾಶೀನಾಥರ ಮಗ ಇಲ್ಲೇ ಮಸ್ಕತ್ತಿನ ಬ್ಯಾಂಕೊಂದರಲ್ಲಿದ್ದಾನೆ. ಅವರು ಡಿಸೆಂಬರ್ ಕೊನೆಗೆ ಮಗನ ಮನೆಗೆ ಬರುತ್ತಾರೆ. ಫೋಟೋ ಬರುವ ಹಿಂದಿನ ದಿನವೇ, ಖುಷಿಯಲ್ಲಿ, ನಾನೇ ಅವರನ್ನು ಜನವರಿ ಹನ್ನೆರಡಕ್ಕೆ ಕರೆದುಬಿಟ್ಟಿದ್ದೇನೆ.

ನಾನು ಯಾರಿಗೂ ಏನೂ ಹೇಳಿಲ್ಲ. ಬೇಗ ಬರೆಯಿರಿ.

ಆಮ್ರಪಾಲಿ


ಭಾಲ್ಕಿ
4 ಡಿಸೆಂಬರ್ 2025

ಮಗಳೇ ಆಮ್ರಪಾಲಿ,

ಈ ಪತ್ರವನ್ನು ಅಂಚೆಗೆ ಹಾಕಲು ಧೈರ್ಯವಾಗಲಿಲ್ಲ. ಮಕ್ಸೂದನ ತಮ್ಮ ರಾಹೀಲ ಮಸ್ಕತ್ತಿಗೆ ಬರುತ್ತಿದ್ದಾನೆ, ಉಪ್ಪಿನಕಾಯಿಯ ಡಬ್ಬಿಯೊಂದಿಗೆ ಅವನ ಕೈಯಲ್ಲಿ ಕೊಟ್ಟಿದ್ದೇನೆ. ಲಕೋಟೆಯ ಅಂಟು ಕಿತ್ತಿದ್ದರೆ ನನಗೆ ಫೋನ್ ಮಾಡಿ ‘ಉಪ್ಪಿನಕಾಯಿ ಕೆಟ್ಟಿದೆ’ ಎಂದಷ್ಟೇ ಹೇಳು.

ನಿನ್ನ ಅಪ್ಪನೇ ಹೇಳಲಿ ಎಂದು ಅವನಿಗೂ ಬರೆದಿದ್ದೆ. ಉತ್ತರ ಬರಲಿಲ್ಲ. ಆದ್ದರಿಂದ ನಾನು ಹೇಳುತ್ತೇನೆ.

ನನಗೆ ಇಬ್ಬರು ಅಣ್ಣಂದಿರು. ದೊಡ್ಡವನು ನಾಗಸೇನ, 1966ರ ಜನವರಿ ಹನ್ನೆರಡಕ್ಕೆ ಹುಟ್ಟಿದವನು. ನಮ್ಮ ಓಣಿಯಲ್ಲಿ ಮೊದಲು ಹತ್ತನೆಯ ತರಗತಿ ಪಾಸಾದವನು, ಬೀದರಿನಲ್ಲಿ ಐಟಿಐ ಮಾಡಿ ವೈರಿಂಗ್ ಕಲಿತವನು. ಸುಶೀಲ ಅವನಿಗಿಂತ ನಾಲ್ಕು ವರ್ಷ ಚಿಕ್ಕವನು. ಶಾಲೆ ಹತ್ತಲಿಲ್ಲ, ಆದರೆ ಅಣ್ಣನ ಹಿಂದೆ ಸುತ್ತಿ ಸುತ್ತಿ ಅದೇ ಕೆಲಸ ಕಲಿತ.

1990ರ ಏಪ್ರಿಲ್‌ನಲ್ಲಿ ನಾಗಸೇನನಿಗೆ ಮಸ್ಕತ್ತಿನ ವೀಸಾ ಬಂತು. ಅವನನ್ನು ಬಿಟ್ಟುಬರಲು ನಮ್ಮ ಅಪ್ಪ, ಅಂದರೆ ನಿನ್ನ ಅಜ್ಜ, ಮತ್ತು ಸುಶೀಲ ಬಾಂಬೆಗೆ ಹೋದರು. ಅಲ್ಲಿ ನಾಗಸೇನನಿಗೆ ಜ್ವರ ಬಂತು. ಐದು ದಿನ ಆಸ್ಪತ್ರೆಯಲ್ಲಿದ್ದ, ಆರನೆಯ ದಿನ ಬೆಳಿಗ್ಗೆ ಹೋದ. ಅವನಿಗೆ ಇಪ್ಪತ್ತನಾಲ್ಕು.

ಟಿಕೆಟ್ ಹಿಡಿದು ಬಂದ ಏಜೆಂಟನ ಮನುಷ್ಯ ಸುಶೀಲನ ಮುಖ ನೋಡಿದ, ಪಾಸ್‌ಪೋರ್ಟಿನ ಫೋಟೋ ನೋಡಿದ. ಮುಂದಿನಿಂದ ನೋಡಿದರೆ ಇಬ್ಬರೂ ಒಂದೇ ಅಚ್ಚು. “ಕಾಗದಕ್ಕ ಜೀವ ಅದ. ಇಂವ ಹೋಗ್ಲಿ,” ಎಂದನಂತೆ. ಅಪ್ಪ ಬಹಳ ಹೊತ್ತು ಗೋಡೆಗೆ ಒರಗಿ ಕೂತಿದ್ದ. ಒಬ್ಬ ಮಗ ಮಣ್ಣಾದ, ಇನ್ನೊಬ್ಬನು ಊರಿಗೆ ಮರಳಿದರೆ ಜೀವನವೆಲ್ಲ ಬೇರೆಯವರ ಹೊಲದಲ್ಲೇ ಎಂದು ಯೋಚಿಸಿದನಂತೆ. ಆಸ್ಪತ್ರೆಯಲ್ಲಿ ಸತ್ತವನ ಹೆಸರು ಕೇಳಿದಾಗ, ಸೇರಿಸುವಾಗ ಗಡಿಬಿಡಿಯಲ್ಲಿ ಹೆಸರು ತಪ್ಪಾಗಿತ್ತೆಂದು ಹೇಳಿ ಅಪ್ಪ ಸುಶೀಲಕುಮಾರ ಎಂದು ಬರೆಸಿದ. ಸರಕಾರದ ಕಾಗದದಲ್ಲಿ ನಿನ್ನ ಅಪ್ಪ ಸತ್ತು ಮೂವತ್ತೈದು ವರ್ಷವಾಗಿದೆ ಮಗಳೇ.

ಅಪ್ಪ ಒಬ್ಬನೇ ಚಿಂತಾಕಿಗೆ ಬಂದ. ಬಾಗಿಲು ಮುಂದೆ ಮಾಡಿ ಅವ್ವನಿಗೆ, ನಿನ್ನ ಆಯಿಗೆ, ನಿಜ ಹೇಳಿದ. ನನಗಾಗ ಹದಿನೆಂಟು, ನಾನೂ ಅಲ್ಲೇ ಇದ್ದೆ. ಅವ್ವ ಬಾಯಿ ತೆರೆಯುವ ಮೊದಲೇ ಅಪ್ಪ ಅವಳ ಭುಜ ಹಿಡಿದು, “ಶಾಲೂ, ಅಳೋದಾದ್ರ ಸುಶ್ಯಾನ ಹೆಸರು ಹಿಡಿದು ಅಳು. ನಾಗ್ಯಾನ ಹೆಸರು ಬಾಯಾಗ ಬಂದ್ರ ಇದ್ದಾವನೂ ಹೋಗ್ತಾನ,” ಅಂದ. ಓಣಿಯ ಹೆಂಗಸರೆಲ್ಲ ಬಂದು ಸುತ್ತ ಕೂತರು. ನನ್ನ ಅವ್ವ ಬದುಕಿದ್ದ ಮಗನ ಹೆಸರು ಹಿಡಿದು, ಸತ್ತ ಮಗನಿಗಾಗಿ ಅತ್ತಳು. ಆಮೇಲೆ ಅವಳು ಯಾರ ಮುಂದೆಯೂ ಅತ್ತದ್ದನ್ನು ನಾನು ಕಂಡಿಲ್ಲ.

ನಿನ್ನ ಅಪ್ಪ ಚಿಂತಾಕಿಗೆ ಹೋಗದಿರುವುದು ಸಿಟ್ಟಿನಿಂದಲ್ಲ. ಅಲ್ಲಿ ಆ ಕಿವಿಯನ್ನು ಬಲ್ಲವರಿದ್ದಾರೆ. ತನ್ನ ಅಪ್ಪನ ಮಣ್ಣಿಗೂ ಬರಲಾಗಲಿಲ್ಲ ಅವನಿಗೆ.

ಪಾಸ್‌ಪೋರ್ಟು ಸುಳ್ಳೆಂದು ಯಾರಾದರೂ ಬಾಯಿ ಬಿಟ್ಟರೆ ಅಲ್ಲೂ ಜೈಲು, ಇಲ್ಲೂ ಜೈಲು. ನಿನ್ನ ಕಾಗದಗಳಲ್ಲೂ ತಂದೆಯ ಹೆಸರು ನಾಗಸೇನ ಎಂದೇ ಇದೆ. ನಿನ್ನ ನೌಕರಿಗೂ ಪೆಟ್ಟು ಬೀಳುತ್ತದೆ. ಹೇಗಾದರೂ ಮಾಡಿ ಆ ಕಾಶೀನಾಥನನ್ನು ತಪ್ಪಿಸು.

ಓದಿದ ಮೇಲೆ ಒಲೆಗೆ ಹಾಕು.

ಅತ್ತಿ


ಮಸ್ಕತ್
27 ಡಿಸೆಂಬರ್ 2025

ಅತ್ತಿ,

ಉಪ್ಪಿನಕಾಯಿ ಚೆನ್ನಾಗಿಯೇ ಬಂತು. ಈ ಪತ್ರ ನಿಮ್ಮ ಕೈ ಸೇರುವ ಹೊತ್ತಿಗೆ ಹನ್ನೆರಡನೇ ತಾರೀಖು ಕಳೆದಿರುತ್ತದೋ ಏನೋ. ಆದರೂ ಬರೆಯದೆ ಇರಲಾಗುತ್ತಿಲ್ಲ.

ಕಾರ್ಯಕ್ರಮ ರದ್ದಾಗಿದೆ ಎಂದು ಕಾಶೀನಾಥರಿಗೆ ಸುಳ್ಳು ಹೇಳಿದೆ. ಅರ್ಧ ಗಂಟೆಗೇ ಅವರ ಫೋನ್ ಬಂತು. “ರದ್ದ್ ಎಲ್ಲಿ ಆಗ್ಯಾದವಾ? ಮಕ್ಸೂದ ಅಂಬಾವ ನನ್ನ ಮಗನ ಬ್ಯಾಂಕಿಗಿ ಬಂದು ಕಾರ್ಡ್ ಕೊಟ್ಟು ಹೋಗ್ಯಾನ. ನೀ ನನ್ನ ಮುಂದ ಸರ್‌ಪ್ರೈಸ್ ಮಾಡ್ತಿ ಏನು?” ಎಂದು ನಕ್ಕರು. ಮೊದಲೇ ಮಕ್ಸೂದ ಚಾಚಾಗೆ ಕೊಟ್ಟ ಪಟ್ಟಿಯಲ್ಲಿ ಅವರ ಹೆಸರು ಬರೆದವಳೂ ನಾನೇ. ಇನ್ನು ನಿಲ್ಲಿಸಿದರೆ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಮ್ಯಾನೇಜರ್ ಆಗಲೇ ಶಾಲು, ಗಡಿಯಾರ ತರಿಸಿದ್ದಾರೆ.

ಅಪ್ಪನಿಗೆ ಹೇಳದೆ ದಾರಿಯಿರಲಿಲ್ಲ. ನಿನ್ನೆ ಸಂಜೆ ಅವರು ಬಾಲ್ಕನಿಯಲ್ಲಿ ಪುದೀನಾಕ್ಕೆ ನೀರು ಹಾಕುತ್ತಿದ್ದರು.

“ಅಪ್ಪಾ, ಕಾಶೀನಾಥ ಅನ್ನೋರು ಬರ್ತಾರಂತ ಹನ್ನೆರಡಕ್ಕ,” ಎಂದೆ.

“ಯಾವ ಕಾಶೀನಾಥ?”

“ಔರಾದದವರು. ದೊಡ್ಡಪ್ಪನ ಕೂಡ ಓದಿದವರು.”

ನನ್ನ ಬಾಯಲ್ಲಿ ದೊಡ್ಡಪ್ಪ ಎಂಬ ಮಾತು ಬಂದದ್ದೇ ಅವರ ಕೈಯ ತಂಬಿಗೆ ಓರೆಯಾಯಿತು. ನೀರೆಲ್ಲ ಚೆಲ್ಲಿ ಕೆಳಗಿನ ಮನೆಯವರು ಕೂಗಿದರೂ ಅವರಿಗೆ ಕೇಳಿಸಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ. ಒಳಗಿನಿಂದ ಅಮ್ಮ ಬಂದು ಬಾಗಿಲಲ್ಲಿ ನಿಂತು, “ಅಕಿಗಿ ಗೊತ್ತಾತೇನ್ರಿ?” ಎಂದಳು. ಮದುವೆಯಾದ ಮೂರನೆಯ ದಿನವೇ ಅಪ್ಪ ಅವಳಿಗೆ ಹೇಳಿದ್ದರಂತೆ. ಇಷ್ಟು ವರ್ಷ ಈ ಮನೆಯಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ.

ಅಪ್ಪ ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು. ಇವತ್ತು ಬೆಳಿಗ್ಗೆ ಅಂಗಡಿಗೆ ಹೋಗಿ ಕಿವಿ ಮುಚ್ಚುವಂಥ ಉಲ್ಲನ್ ಟೋಪಿಯೊಂದು ತಂದಿದ್ದಾರೆ. ಈ ಊರಿನಲ್ಲಿ ಅಂಥ ಟೋಪಿ ಯಾರೂ ಹಾಕುವುದಿಲ್ಲ ಅತ್ತಿ. ಕನ್ನಡಿಯ ಮುಂದೆ ಹಾಕಿಕೊಂಡು ನೋಡಿದರು, ತೆಗೆದು ಮಂಚದ ಕೆಳಗೆ ಇಟ್ಟರು.

ಲಿಫ್ಟಿನ ಸದ್ದಾದರೂ ನಾವು ಮೂವರೂ ಬಾಗಿಲ ಕಡೆ ನೋಡುತ್ತೇವೆ. ಇದನ್ನೆಲ್ಲ ತಂದವಳು ನಾನು.

ಆಮ್ರಪಾಲಿ


ಮಸ್ಕತ್
16 ಜನವರಿ 2026

ತಂಗಿ ಮಹಾಮಾಯಾಳಿಗೆ ಅಣ್ಣನ ಆಶೀರ್ವಾದ.

ಈ ಪತ್ರ ತಂದುಕೊಡುವವನು ಯಾರೆಂದು ನೋಡಿ ಗಾಬರಿಯಾಗಬೇಡ. ಅವನ ಕೈಯಲ್ಲೇ ಕೊಟ್ಟಿದ್ದೇನೆ. ನಮ್ಮೆಲ್ಲರ ಜೀವ ಈಗ ಅವನ ಕೈಯಲ್ಲಿರುವಾಗ ಒಂದು ಪತ್ರ ಯಾವ ಲೆಕ್ಕ?

ನೀನು ಅಕ್ಟೋಬರಿನಲ್ಲಿ ಬರೆದದ್ದಕ್ಕೆ ಉತ್ತರಿಸಲಿಲ್ಲ. ಮಗಳಿಗೆ ಹೇಗೆ ಹೇಳುವುದೆಂದು ಯೋಚಿಸುತ್ತ ದಿನ ಕಳೆದೆ. ಅದು ನನ್ನ ತಪ್ಪು.

ಹನ್ನೆರಡನೇ ತಾರೀಖು ಹಾಲಿನಲ್ಲಿ ಐವತ್ತು ಜನರಿದ್ದರು. ಆಮ್ರಪಾಲಿ ಪರದೆ ಕಟ್ಟಲಿಲ್ಲ, ಯಂತ್ರ ಕೆಟ್ಟಿದೆ ಎಂದು ಹೇಳಿದಳು. ಬುದ್ಧನ ಫೋಟೋದ ಮುಂದೆ ಮೇಣದಬತ್ತಿ ಹಚ್ಚಿದಳು. ಕೇಕಿನ ಮೇಲೆ ದೊಡ್ಡದಾಗಿ ಅರವತ್ತು, ಕೆಳಗೆ ಅಣ್ಣನ ಹೆಸರು. ಮ್ಯಾನೇಜರ್ ಪಕ್ಕದಲ್ಲಿ ನಾನು ಬಾಗಿಲಿಗೆ ಎಡಗಿವಿ ಕಾಣದ ಹಾಗೆ ಓರೆಯಾಗಿ ನಿಂತಿದ್ದೆ. ಕಾಶೀನಾಥ ಬರಲಾರ ಎಂದು ಎಂಟು ಗಂಟೆಯ ಹೊತ್ತಿಗೆ ಸ್ವಲ್ಪ ಉಸಿರಾಡಿದೆ. ಅಷ್ಟರಲ್ಲಿ ಮಗನ ಜತೆ ಒಳಗೆ ಬಂದ. ತಲೆ ಪೂರ್ತಿ ಬೆಳ್ಳಗಾಗಿದೆ. ಕಂಕುಳಲ್ಲಿ ಬಣ್ಣದ ಕಾಗದ ಸುತ್ತಿದ ಚೌಕದ ಪೊಟ್ಟಣ. ಆ ಮದುವೆಯ ಫೋಟೋವನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ತಂದಿದ್ದಾನೆಂದು ನೋಡಿದ ಕೂಡಲೇ ತಿಳಿಯಿತು.

“ಎಲ್ಲದಾನ ನಮ್ಮ ನಾಗ್ಯಾ?” ಎಂದು ಕೂಗುತ್ತಲೇ ಬಂದ. ಎರಡು ಮಾರು ದೂರದಲ್ಲಿ ನಿಂತ. ನನ್ನ ಮುಖ ನೋಡಿದ. ಅವನ ಕಣ್ಣು ಕಿವಿಯ ಮೇಲೆ ಹೋಗಿ ಅಲ್ಲೇ ನಿಂತಿತು. ನಗು ಹಾಗೇ ಇತ್ತು, ಆದರೆ ಮುಖದ ರಕ್ತವೆಲ್ಲ ಇಳಿದುಹೋಯಿತು. ನಿನ್ನ ಅತ್ತಿಗೆ ಸುವರ್ಣಾ ಕೈಯ ತಟ್ಟೆ ಕೆಳಗಿಟ್ಟು ನನ್ನ ಪಕ್ಕಕ್ಕೆ ಬಂದು ನಿಂತಳು.

ಮ್ಯಾನೇಜರ್ ಪೊಟ್ಟಣ ನೋಡಿ, ಗೆಳೆಯ ಏನು ತಂದಿದ್ದಾನೆ, ಬಿಚ್ಚಿ ಎಲ್ಲರಿಗೂ ತೋರಿಸಿ ಎಂದರು. ಜನ ಚಪ್ಪಾಳೆ ಹೊಡೆದರು. ಮಕ್ಸೂದ ಪೊಟ್ಟಣ ತೆಗೆದುಕೊಳ್ಳಲು ಕೈ ಚಾಚಿದ. ನಾನು ನೆಲ ನೋಡಿದೆ. ತಂಗಿ, ಆಗ ನನಗೆ ಹೆದರಿಕೆ ಕೂಡ ಆಗಲಿಲ್ಲ. ಇಷ್ಟು ವರ್ಷ ಕಾಯ್ದ ಗಳಿಗೆ ಬಂತಲ್ಲ, ಮುಗಿಯಲಿ ಎನಿಸಿತು.

ಕಾಶೀನಾಥ ಪೊಟ್ಟಣವನ್ನು ಎದೆಗೆ ಒತ್ತಿಕೊಂಡ. “ಇದು ಇವಂದಲ್ರಿ, ನನ್ನ ಸೊಸಿದು. ಕಾರಿನಾಗ ಬಿಡೋದು ಮರ್ತೆ,” ಎಂದು ಮಗನ ಕೈಗೆ ಕೊಟ್ಟ. ಬಂದು ನನ್ನನ್ನು ತಬ್ಬಿಕೊಂಡ. “ಮುದುಕ ಆದಿ ಬಿಡೋ ನಾಗ್ಯಾ,” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಅವನ ಉಗುರುಗಳು ನನ್ನ ಬೆನ್ನಿಗೆ ನಾಟಿದ್ದವು.

ಗೆಳೆಯನ ಬಗ್ಗೆ ನಾಲ್ಕು ಮಾತಾಡಿ ಎಂದು ಮೈಕ್ ಕೊಟ್ಟರು. ಮಾತಾಡಿದ. ಔರಾದಿನ ಅವರ ಮನೆಗೆ ಮೊದಲ ಸಲ ಕರೆಂಟ್ ಹಾಕಲು ಅಣ್ಣ ಹೋದಾಗ, ಅವರಪ್ಪ ಹಿತ್ತಲ ಬಾಗಿಲಿನಿಂದ ಬಾ ಎಂದನಂತೆ. “ವೈರ್ ಮುಂದಿನ ಬಾಗಲದಿಂದ ಬರ್ತದರಿ ಗೌಡ್ರ, ನಾನೂ ಅಲ್ಲಿಂದೇ ಬರ್ತೇನಿ, ಅಂದ ಇಂವ,” ಎಂದು ನನ್ನತ್ತ ಬೆರಳು ತೋರಿಸಿದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಣ್ಣನಿಗೆ ಸಲ್ಲಬೇಕಾದ ಚಪ್ಪಾಳೆಗೆ ನಾನು ಕೈ ಮುಗಿದೆ. ಕಣ್ಣೀರು ಬಂತು. ಖುಷಿಯ ಕಣ್ಣೀರು ಎಂದುಕೊಂಡರು.

ಊಟದ ನಡುವೆ ನನ್ನ ತೋಳು ಹಿಡಿದು ಹೊರಗೆ ಕಾರುಗಳ ಹತ್ತಿರ ಕರೆದೊಯ್ದ. “ಅವ ಎಲ್ಲಿ ಅದಾನ?” ಎಂದ. ನಾನು ಹೇಳಿದೆ. ಬಾಂಬೆ, ಜ್ವರ, ಆರು ದಿನ, ಎಲ್ಲ. ಅವನು ಫುಟ್‌ಪಾತಿನ ಅಂಚಿಗೆ ಕುಸಿದು ಕೂತ.

“ಪರದೇಶಕ್ಕ ಹೋಗಿ ನನ್ನ ಮರ್ತಾನಂತ ಮೂವತ್ತೈದ್ ವರ್ಷ ಅವನ್ನ ಬೈದೇನಿ. ಸತ್ತಾವನಿಗಿ ಬೈದೇನಲ್ಲೋ ಸುಶ್ಯಾ! ಒಂದ್ ಮಾತ್ ನಂಗ ಹೇಳ್ಬೇಕಿಲ್ಲೇನು?”

ಎದ್ದು ಹೋಗುವಾಗ, “ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ. ಆದ್ರ ನಿನ್ನ ಮಾಫ್ ಮಾಡೀನಂತ ತಿಳೀಬ್ಯಾಡ,” ಎಂದ. ಎರಡು ದಿನ ಬಿಟ್ಟು ಫೋನ್ ಮಾಡಿ, ಊರಿಗೆ ಹೋದ ಮೇಲೆ ಅವ್ವನನ್ನು ನೋಡಬೇಕು, ವಿಳಾಸ ಕೊಡು ಎಂದ. ಕೊಡದಿದ್ದರೆ ಸಿಟ್ಟಾಗುತ್ತಾನೆ. ಕೊಟ್ಟರೆ ಅವ್ವನಿಗೆ ಏನಾಗುತ್ತದೋ ತಿಳಿಯದು. ಕೊಟ್ಟಿದ್ದೇನೆ. ಅವನು ಬಂದಾಗ ನೀನು ಮನೆಯಲ್ಲೇ ಇರು.

ನಿನ್ನ ಅಣ್ಣ


ಭಾಲ್ಕಿ
9 ಮಾರ್ಚ್ 2026

ಮಗಳು ಆಮ್ರಪಾಲಿಗೆ ಅಪ್ಪನ ಆಶೀರ್ವಾದ.

ನಾವು ಊರು ಮುಟ್ಟಿದ್ದನ್ನು ಅಮ್ಮ ಫೋನಿನಲ್ಲಿ ಹೇಳಿದ್ದಾಳೆ. ಫೋನಿನಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ನೀನು ಅಲ್ಲಿ ಒಬ್ಬಳೇ ಇರುವುದು ನೆನೆದರೆ ಇಲ್ಲಿ ತುತ್ತು ಇಳಿಯುವುದಿಲ್ಲ. ನೌಕರಿಯ ಕರಾರು ಮುಗಿದ ಮೇಲೆ ಒಂದು ದಿನವೂ ಹೆಚ್ಚು ಇರಬೇಡ.

ನೀನು ವಿಮಾನ ನಿಲ್ದಾಣದ ಗಾಜಿನ ಆಚೆ ನಿಂತು ಕೈ ಬೀಸುತ್ತಿದ್ದೆಯಲ್ಲ, ಆಗ ನಾನು ಸಾಲಿನಲ್ಲಿ ಮೂರನೆಯವನು. ಕೌಂಟರಿನ ಹುಡುಗ ಪಾಸ್‌ಪೋರ್ಟನ್ನು ತಿರುವಿ ತಿರುವಿ ನೋಡಿದ. ಹೆಸರು ಕೂಗಿದ. ಹೌದು ಎಂದೆ. ಮತ್ತೆ ಬರುವುದಿಲ್ಲವೇ ಎಂದು ಕೇಳಿದ. ವಯಸ್ಸಾಯಿತು ಎಂದೆ. ಅವನು ಕಂಪ್ಯೂಟರ್ ನೋಡಿ ಹುಟ್ಟಿದ ತಾರೀಖು ಓದಿ, ತಡವಾಗಿ ಶುಭಾಶಯ ಎಂದು ನಕ್ಕು ಮುದ್ರೆ ಹೊಡೆದ. ಹೈದರಾಬಾದಿನಲ್ಲಿ ಇನ್ನೊಬ್ಬ ತಲೆ ಎತ್ತಿಯೂ ನೋಡಲಿಲ್ಲ. ಹೊರಗೆ ಬಂದ ಮೇಲೆ ಅಮ್ಮ ನನ್ನನ್ನು ಒಂದು ಕಂಬದ ಹತ್ತಿರ ಕೂಡಿಸಿ ನೀರು ಕುಡಿಸಿದಳು.

ಕಾಶೀನಾಥ ಫೆಬ್ರುವರಿಯಲ್ಲಿ ಇಲ್ಲಿಗೆ ಬಂದಿದ್ದನಂತೆ. ನಿನ್ನ ಅತ್ತಿ ಹೇಳಿದಳು. ನಾಗಸೇನನ ದೋಸ್ತ ಎಂದ ಕೂಡಲೇ ಆಯಿ, “ಅವ ಮಸ್ಕತದಾಗ ಅದಾನಪಾ, ಚಂದ ಅದಾನ,” ಎಂದಳಂತೆ. ಆ ಮಾತು ಅವಳಿಗೆ ಬಾಯಿಪಾಠ. “ಆಯಿ, ನಂಗ ಎಲ್ಲಾ ಗೊತ್ತದ,” ಎಂದನಂತೆ ಕಾಶೀನಾಥ. ಆಯಿ ಅತ್ತಿಯ ಮುಖ ನೋಡಿದಳು, ಅವನ ಮುಖ ನೋಡಿದಳು. ಸೆರಗು ಬಾಯಿಗೆ ತುರುಕಿಕೊಂಡು ಅತ್ತಳಂತೆ. ಆಮೇಲೆ ಮಧ್ಯಾಹ್ನವೆಲ್ಲ ಅವನನ್ನು ಕೂಡಿಸಿಕೊಂಡು, ಅಣ್ಣ ಶಾಲೆಯಲ್ಲಿ ಏನು ತಿನ್ನುತ್ತಿದ್ದ, ಯಾರ ಜತೆ ಜಗಳವಾಡುತ್ತಿದ್ದ, ಹಾಡುತ್ತಿದ್ದನೇ ಎಂದು ಒಂದೊಂದೇ ಕೇಳಿದಳಂತೆ. ಅವನು ಹೊರಟಾಗ ಮತ್ತೆ ಬರಲು ಹೇಳಿದಳು. ಪ್ರತಿ ರವಿವಾರ ಬೀದರಿನಿಂದ ಬರುತ್ತಾನೆ. ನಾನು ಬಂದ ಮೇಲೂ ಬಂದಿದ್ದ. ನನ್ನ ಜತೆ ಮಾತಾಡಲಿಲ್ಲ. ನಾನು ಕೊಟ್ಟ ಚಹಾ ಮಾತ್ರ ಕುಡಿದ.

ನಾನು ಬಂದ ದಿನದ ವಿಷಯ ಹೇಳುತ್ತೇನೆ. ಆಟೋ ಮನೆಯ ಮುಂದೆ ನಿಂತಾಗ ಅಕ್ಕಪಕ್ಕದವರೆಲ್ಲ ಹೊರಗೆ ಬಂದಿದ್ದರು. ದುಬೈಯವನು ಬಂದ ಎನ್ನುತ್ತಾರೆ ಇಲ್ಲಿ, ಯಾವ ದೇಶವಾದರೂ ದುಬೈಯೇ. ಆಯಿ ಗೋಡೆ ಹಿಡಿದು ಬಾಗಿಲಿಗೆ ಬಂದಳು. ನನ್ನನ್ನು ನೋಡಿ ಓಣಿಗೆಲ್ಲ ಕೇಳುವ ಹಾಗೆ, “ಏ ಸುಶ್ಯಾ! ಬಂದೇನೋ ನನ್ನ ಸಣ್ಣ ಮಗನ!” ಎಂದು ಕೂಗಿದಳು.

ನಿನ್ನ ಅತ್ತಿ ನಿಂತಲ್ಲೇ ಕಲ್ಲಾದಳು. ನನ್ನ ಕೈಯ ಚೀಲ ಕೆಳಗೆ ಬಿತ್ತು. ಯಾರ ಮುಖ ನೋಡುವುದಕ್ಕೂ ಧೈರ್ಯವಾಗಲಿಲ್ಲ. ಆಗ ಎದುರು ಮನೆಯ ಅಂಜನಾಬಾಯಿ ಅತ್ತಿಯ ಹತ್ತಿರ ಬಂದು ಮೆಲ್ಲಗೆ, “ಆಯಿಗಿ ಅರವು ಮರವು ಆಗ್ಯಾದ ನೋಡ್ರಿ ಟೀಚರ್. ಸತ್ತ ಮಗನ ಹೆಸರಿಲೆ ಇದ್ದ ಮಗನಿಗಿ ಕರೀಲಕತ್ತಾರ,” ಎಂದಳು. ಕಣ್ಣು ಒರೆಸಿಕೊಂಡಳು ಕೂಡ.

“ಹೌದ್ರಿ, ಈಗೀಗ ಹಂಗೇ,” ಎಂದಳು ನಿನ್ನ ಅತ್ತಿ. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿಯೇ ಇರಲಿಲ್ಲ.

ಆಯಿಗೆ ಅದೆಲ್ಲ ಕೇಳಿಸಿತು. ನನ್ನ ಕೈ ಹಿಡಿದುಕೊಂಡು ಒಳಗೆ ಬಂದಳು. ಅವಳ ಹಿಡಿತದಲ್ಲಿ ಮರವು ಯಾವುದೂ ಇರಲಿಲ್ಲ ಮಗಳೇ.

ನನ್ನ ಹೆದರಿಕೆ ಹೋಗಿದೆ ಎಂದು ಬರೆದರೆ ಅದೂ ಒಂದು ಸುಳ್ಳಾಗುತ್ತದೆ. ಮನೆಯ ಮುಂದೆ ಮೋಟರ್ ಸೈಕಲ್ ನಿಂತರೆ ಈಗಲೂ ಒಳಗಿನ ಕೋಣೆಗೆ ಸರಿಯುತ್ತೇನೆ. ಆಯಿ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಕಾರಣವಿಲ್ಲದೆ ಕರೆಯುತ್ತಾಳೆ. ಸುಶ್ಯಾ ನೀರು ಕೊಡು, ಸುಶ್ಯಾ ಬಿಸಿಲು ಬಂತು ನೋಡು, ಸುಶ್ಯಾ ಎಲ್ಲದಿ. ಮೆಲ್ಲಗೆ ಅನ್ನವ್ವಾ ಎಂದು ಅತ್ತಿ ಬೈಯುತ್ತಾಳೆ. ಆಯಿ ದನಿ ಇಳಿಸುವುದಿಲ್ಲ. ಮೊದಲ ದಿನ ನನಗೆ ಓಗೊಡಲು ಬಾಯಿ ಬರಲಿಲ್ಲ. ಈಗ ಪ್ರತಿ ಸಲವೂ “ಓ” ಎನ್ನುತ್ತೇನೆ.

ನಿನ್ನ ಅಪ್ಪ